ಮೂರು ಪಟಾಕಿ, ಒಂದು ಗಾಜಿನ ಟ್ಯೂಬು, ಒಂಬತ್ತು ಪ್ರಾರ್ಥನೆ

ನಮ್ಮ ಕಾದಂಬರಿಯ ಮೊದಲ ಕರಡಿನಲ್ಲಿ 31 ಪ್ರಾರ್ಥನೆಗಳಿದ್ದವು. ಬರೆದು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಎಣಿಸಿದ್ದು. ಅವುಗಳಲ್ಲಿ 26ಕ್ಕೆ ಅದೇ ಪುಟದಲ್ಲೋ ಮಗ್ಗುಲ ಪುಟದಲ್ಲೋ ಉತ್ತರ ಬಂದುಬಿಟ್ಟಿತ್ತು. ಮಳೆ ನಿಂತಿತ್ತು, ಹಳ್ಳ ಇಳಿದಿತ್ತು, ಬಂದೂಕಿನ ಗುರಿ ತಪ್ಪಿತ್ತು, ಸತ್ತಿದ್ದ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬಂದಿತ್ತು. ಓದಿದವರು ಯಾರೂ ಹೆದರಲಿಲ್ಲ. ನಾಯಕಿ ಸಲೋಮಿ ಕಣ್ಣು ಮುಚ್ಚಿದಳೆಂದರೆ ಏನೋ ಒಂದು ಆಗಿಯೇ ಆಗುತ್ತದೆ ಎಂದು ಮೂರನೇ ಅಧ್ಯಾಯದ ಹೊತ್ತಿಗೇ ಅವರಿಗೆ ಗೊತ್ತಾಗಿಹೋಗಿತ್ತು. ಅಚ್ಚಿಗೆ ಹೋಗುವಾಗ ಉಳಿದದ್ದು 9. ಆ 22 ಎಲ್ಲಿ, ಯಾಕೆ ಉದುರಿದವು ಅನ್ನುವುದೇ ಈ ಬರಹದ ಬಹುಪಾಲು.

ಕಾಡಿನಲ್ಲಿ ಸಿಕ್ಕಿಬಿದ್ದ ಇಬ್ಬರು, ಬೆನ್ನಟ್ಟುವವನೊಬ್ಬ, ನಡುವೆ ಚಿಗುರುವ ಪ್ರೀತಿ, ಇದೆಲ್ಲದರ ಅಡಿಗೆ ಕ್ರೈಸ್ತ ನಂಬಿಕೆ. ಈ ಬಗೆಯ ಕಾದಂಬರಿಗೆ ಅಮೆರಿಕದಲ್ಲಿ ಪ್ರತ್ಯೇಕ ಓದುಗವರ್ಗವೇ ಇದೆ. ಹಾರ್ಲೆಕ್ವಿನ್ ಪ್ರಕಾಶನ ಲವ್ ಇನ್‌ಸ್ಪೈರ್ಡ್ ಸಸ್ಪೆನ್ಸ್ ಅನ್ನುವ ಮಾಲಿಕೆಯನ್ನು 2005ರಲ್ಲಿ ಶುರುಮಾಡಿತು. ಒಂದೊಂದು ಪುಸ್ತಕ ಸುಮಾರು 55,000 ಪದ. ಬೈಗುಳವಿಲ್ಲ, ಮದುವೆಗೆ ಮುಂಚೆ ಹಾಸಿಗೆಯಿಲ್ಲ, ಅಪಾಯ ಮೊದಲ ಪುಟಗಳಲ್ಲೇ ಎದುರಾಗಬೇಕು, ಕೊನೆಗೆ ಇಬ್ಬರೂ ಒಂದಾಗಲೇಬೇಕು. ಕಾಡೆಂದರೆ ಅಲ್ಲಿ ಹೆಚ್ಚಾಗಿ ಅಲಾಸ್ಕ, ಮೊಂಟಾನ. ಹಿಮ, ಗ್ರಿಜ್ಲಿ ಕರಡಿ, ಮರದ ಮನೆ, ಅದರೊಳಗೆ ಉರಿಯುವ ಒಲೆ, ಕೊನೆಗೆ ಹೆಲಿಕಾಪ್ಟರು.

ವಾಸ್ಕೊದಲ್ಲಿ ಕೂತು ಮೂರು ಜನ ಸೇರಿ ಕನ್ನಡದಲ್ಲಿ ಇಂಥದ್ದೊಂದನ್ನು ಬರೆಯಹೊರಟಾಗ ಕಾಡು ಹುಡುಕಬೇಕಾಗಿರಲಿಲ್ಲ. ಗದಗ, ಬಾಗಲಕೋಟೆ, ಕೊಪ್ಪಳದಿಂದ ಗೋವೆಗೆ ದುಡಿಯಲು ಬಂದವರೆಲ್ಲ ದಾಟಿ ಬರುವ ಘಟ್ಟವೇ ಇತ್ತಲ್ಲ. ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ ಬ್ರಗಾಂಜಾ ಘಾಟಿನ ರೈಲುದಾರಿ, ಅದರ ಎರಡೂ ಕಡೆ ಮೊಲೆಮ್ ಕಾಡು, ನಡುವೆ 310 ಮೀಟರು ಎತ್ತರದ ದೂಧಸಾಗರ ಜಲಪಾತ. ಏರು 37ಕ್ಕೆ 1: ಮೂವತ್ತೇಳು ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲೆ. ರೈಲಿಗೆ ಇದು ವಿಪರೀತ ಚಡಾವು, ಅದಕ್ಕೇ ಮೇಲೆ ಹತ್ತುವ ಗಾಡಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಅನ್ನುವ ಎಂಜಿನ್ನು ಕಟ್ಟುತ್ತಾರೆ. ಹಳಿಯ ಮೇಲೆ ನಡೆದು ನೋಡಿ ಬರೋಣ ಅನ್ನುವ ಆಸೆ ಯಾರಿಗಾದರೂ ಬರುತ್ತದೆ. ರೈಲ್ವೆ ಕಾಯಿದೆಯ 147ನೇ ಕಲಮಿನ ಪ್ರಕಾರ ಅದು ಅಪರಾಧ. ಆದ್ದರಿಂದ ನಮ್ಮ ಟಿಪ್ಪಣಿ ಅಷ್ಟೂ ಹಗಲು ಗಾಡಿಯ ಕಿಟಕಿಯಿಂದ ಮಾಡಿಕೊಂಡದ್ದು. ಎಡಗಡೆಗೊಬ್ಬರು, ಬಲಗಡೆಗೊಬ್ಬರು, ಗಡಿಯಾರ ನೋಡಿ ಸ್ಟೇಷನ್ನುಗಳ ಹೊತ್ತು ಬರೆದುಕೊಳ್ಳಲು ಮತ್ತೊಬ್ಬರು. ಎರಡು ಸಲ ಮಳೆಗಾಲದಲ್ಲಿ, ಒಂದು ಸಲ ಡಿಸೆಂಬರಿನಲ್ಲಿ. ಡಿಸೆಂಬರಿನ ಸುತ್ತಿನಿಂದ ಏನೂ ಉಪಯೋಗವಾಗಲಿಲ್ಲ, ಅದು ಬೇರೆಯೇ ಕಾಡು.

ಅಮೆರಿಕದ ಸಾಮಾನುಗಳನ್ನು ಒಂದೊಂದಾಗಿ ಕೈಬಿಡುವ ಕೆಲಸ ಇಲ್ಲಿಂದ ಶುರುವಾಯಿತು. ಜುಲೈಯಲ್ಲಿ ಘಟ್ಟದ ಕಟ್ಟಿಗೆ ಹೊತ್ತುವುದಿಲ್ಲ. ಒಣಗಿದ ಸೌದೆ ಇದ್ದರೆ ಹಳಿ ರಿಪೇರಿಯ ಗ್ಯಾಂಗಿನವರ ಗುಡಿಸಲಿನ ಅಟ್ಟದ ಮೇಲೆ, ಅದೂ ಚಹಾಕ್ಕಾಗುವಷ್ಟು. ಹಾಗಾಗಿ ಉರಿಯುವ ಒಲೆಯ ಮುಂದೆ ಕೂತು ಮನಸ್ಸು ಬಿಚ್ಚಿ ಮಾತಾಡುವ ದೃಶ್ಯ ಹೋಯಿತು. ಆ ಮೋಡದಲ್ಲಿ ಹೆಲಿಕಾಪ್ಟರು ಹಾರಿಸುವುದೂ ಸುಳ್ಳೇ. ಗ್ರಿಜ್ಲಿಯ ಬದಲು ಮೊದಲು ಕರಿಚಿರತೆ ಬರೆದಿದ್ದೆವು, ಮೊಲೆಮ್‌ನಲ್ಲಿ ಅದು ಇರುವುದೂ ನಿಜ. ಆದರೆ ಅದು ಮನುಷ್ಯರಿಗೆ ಕಾಣಿಸಿಕೊಳ್ಳುವುದೇ ಅಪರೂಪ, ಕಂಡರೆ ತಾನೇ ಸರಿದುಹೋಗುತ್ತದೆ. ಅದನ್ನು ತೆಗೆದು ಕಾಡುಕೋಣ ತಂದೆವು. ಹಳಿಯ ತಿರುವಿನಲ್ಲಿ ಮಂಜಿನೊಳಗೆ ಅಲುಗದೆ ನಿಂತ ಒಂಟಿ ಕಾಡುಕೋಣದಷ್ಟು ಹೆದರಿಕೆ ಹುಟ್ಟಿಸುವಂಥದ್ದು ಆ ದಾರಿಯಲ್ಲಿ ಬೇರೇನೂ ಇಲ್ಲ, ಜಿಗಣೆಯೊಂದನ್ನು ಬಿಟ್ಟರೆ. ಜಿಗಣೆಗೆ ಉಪ್ಪು ಹಾಕಿದರೆ ಬೀಳುತ್ತದೆ, ಆದರೆ ಕಚ್ಚಿದ ಗಾಯದ ರಕ್ತ ಬೇಗ ನಿಲ್ಲುವುದಿಲ್ಲ. ನಾಯಕಿಯ ಕಾಲುಚೀಲ ಕೆಂಪಾಗಿರುವುದು ಗುಂಡೇಟಿನಿಂದಲೋ ಜಿಗಣೆಯಿಂದಲೋ ಅನ್ನುವ ಗೊಂದಲಕ್ಕೆ ಅದು ಒದಗಿತು.

ಇದನ್ನೆಲ್ಲ ಇಷ್ಟು ಹಟ ಹಿಡಿದು ಸರಿಮಾಡಿದ್ದಕ್ಕೆ ಒಂದೇ ಕಾರಣ. ಕಾಡು ಸುಳ್ಳಾದರೆ ಪ್ರಾರ್ಥನೆಯೂ ಸುಳ್ಳಾಗುತ್ತದೆ. ಜುಲೈಯಲ್ಲಿ ಒಣಕಟ್ಟಿಗೆ ಸಿಕ್ಕಿತು ಅನ್ನುವುದನ್ನು ನಂಬದ ಓದುಗ, ಅದೇ ಪುಟದಲ್ಲಿ ದೇವರು ಕೈಬಿಡಲಿಲ್ಲ ಅನ್ನುವುದನ್ನೂ ನಂಬುವುದಿಲ್ಲ. ಲೇಖಕ ತನಗೆ ಬೇಕಾದಾಗ ಕಟ್ಟಿಗೆ ಒಣಗಿಸಬಲ್ಲನಾದರೆ ಪವಾಡವೂ ಲೇಖಕನದೇ ಅಂತ ಅವನಿಗೆ ಗೊತ್ತಾಗುತ್ತದೆ.

ಕಥೆ ಇಷ್ಟು. ಸಲೋಮಿ ಬೆಟಗೇರಿಯ ಪ್ರಾಟೆಸ್ಟಂಟ್ ಮನೆತನದ ಹುಡುಗಿ, ಗೋವೆಯಲ್ಲಿ ಘಟ್ಟದ ಬುಡದ ಒಂದು ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಕಳ್ಳತನದಲ್ಲಿ ಸಾಗುವ ಅದಿರಿನ ಲಾರಿಗಳ ನಂಬರು ಬರೆದಿಟ್ಟ ಕಾಡಿನ ವಾಚರನ ಡೈರಿ ಅವಳ ಕೈಗೆ ಬರುತ್ತದೆ, ವಾಚರ್ ಸಾಯುತ್ತಾನೆ. ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಕಾಡು ಹೊಕ್ಕವಳಿಗೆ ಸಿಗುವವನು ಅಂತೋಣಿ. ಹಳಿಯಾಳ ಕಡೆಯ ಕಥೋಲಿಕ, ಮಳೆಗಾಲದ ರಾತ್ರಿ ಹಳಿ ಕಾಯುವ ಪೆಟ್ರೋಲ್‌ಮನ್. ಅವರ ಜೊತೆ ಗ್ಯಾಂಗಿನ ಮೇಟ್, ಅಂದರೆ ಮುಖ್ಯಸ್ಥ, ಯಲ್ಲಪ್ಪ. ಒಂದೇ ಗುಡಿಸಲಿನಲ್ಲಿ ರಾತ್ರಿ ಕಳೆಯಬೇಕಾದ ಇಬ್ಬರ ಮರ್ಯಾದೆಗೆ ಮೂರನೆಯವರೊಬ್ಬರು ಬೇಕು ಅಂತ ಯಲ್ಲಪ್ಪನನ್ನು ತಂದದ್ದು. ಕೊನೆಗೆ ಕಥೆಯ ಅರ್ಧ ಭಾರ ಹೊತ್ತವನು ಅವನೇ.

ಕಾಲ 2011ರ ಜುಲೈ. ಇದಕ್ಕೆ ಎರಡು ಕಾರಣ. ಗೋವೆಯ ಗಣಿಗಳನ್ನು ಸುಪ್ರೀಂ ಕೋರ್ಟು ನಿಲ್ಲಿಸಿದ್ದು 2012ರ ಅಕ್ಟೋಬರಿನಲ್ಲಿ, ಡೈರಿಗೆ ಬೆಲೆ ಇರುವುದು ಅದಕ್ಕೆ ಮುಂಚೆ. ಎರಡನೆಯದು, ಈಗಿನ ಪೆಟ್ರೋಲ್‌ಮನ್‌ಗಳ ಹತ್ತಿರ ಜಿಪಿಎಸ್ ಯಂತ್ರ ಇರುತ್ತದೆ, ಗುಂಡಿ ಒತ್ತಿದರೆ ಸುದ್ದಿ ಹೋಗುತ್ತದೆ. ಅದನ್ನು ಪ್ರತಿ ಅಧ್ಯಾಯದಲ್ಲೂ ಕೆಡಿಸುತ್ತ ಕೂರುವುದಕ್ಕಿಂತ ಅದು ಇಲ್ಲದ ವರ್ಷಕ್ಕೆ ಹೋಗುವುದು ಸಲೀಸು. ಇಲ್ಲೊಂದು ಎಡವಟ್ಟು ಆಗಿತ್ತು. ಮೊದಲ ಕರಡಿನಲ್ಲಿ ಅದಿರಿನ ಲಾರಿಗಳು ಜುಲೈಯ ರಾತ್ರಿಯೇ ಓಡುತ್ತಿದ್ದವು. ಮಳೆಗಾಲದಲ್ಲಿ ಅದಿರಿನ ಸಾಗಾಟ ನಿಲ್ಲುತ್ತದೆ. ಡೈರಿಯ ತಾರೀಖುಗಳನ್ನು ಏಪ್ರಿಲ್, ಮೇಗೆ ಒಯ್ದೆವು.

ಕಥೆ ಕಟ್ಟುವಾಗ ಉಪಯೋಗಿಸಿದ್ದು ಒಂದು ಕ್ಯಾಲೆಂಡರಿನ ಹಿಂಬದಿ. 24 ಸಾಲು, ಮೂರು ಕಂಬ: ಪ್ರೀತಿ, ಅಪಾಯ, ನಂಬಿಕೆ. ಸಾಲಿಗೊಂದು ಅಧ್ಯಾಯ, ಅಧ್ಯಾಯಕ್ಕೆ 1,500 ಪದ, ಒಟ್ಟು 36,000. ಕನ್ನಡದ ಪದಗಳು ಉದ್ದ. ಅಮೆರಿಕದ 55,000ದಷ್ಟು ಓದು ಇಷ್ಟರಲ್ಲೇ ಬರುತ್ತದೆ. ಮೂರು ಹುರಿಯ ಹಗ್ಗ ಬೇಗ ಕಿತ್ತುಹೋಗುವುದಿಲ್ಲ ಅಂತ ಸತ್ಯವೇದದ (ಬೈಬಲಿನ) ಪ್ರಸಂಗಿಯ ಪುಸ್ತಕದ ನಾಲ್ಕನೇ ಅಧ್ಯಾಯದಲ್ಲಿ ಇರುವುದು ಎಲ್ಲರಿಗೂ ಗೊತ್ತು. ಆದರೆ ಮೂರೂ ಹುರಿ ಪ್ರತಿ ಗೇಣಿಗೂ ಕಾಣಬೇಕಿಲ್ಲ. ಪ್ರತಿ ಸಾಲಿನ ಮೂರೂ ಮನೆ ತುಂಬಲು ಹೋಗಿಯೇ ಆ 31 ಪ್ರಾರ್ಥನೆಗಳು ಹುಟ್ಟಿಕೊಂಡದ್ದು. ನಂಬಿಕೆಯ ಮನೆ ಖಾಲಿ ಕಂಡರೆ ಅಲ್ಲೊಂದು ಪ್ರಾರ್ಥನೆ ಹಾಕುವುದು, ಸಾಂಬಾರಿಗೆ ಉಪ್ಪು ಉದುರಿಸಿದ ಹಾಗೆ. ಆಮೇಲೆ ನಿಯಮ ಬದಲಾಯಿಸಿದೆವು: ಒಂದು ಸಾಲಿಗೆ ಎರಡು ಮನೆ ಸಾಕು. ಮೂರೂ ಒಟ್ಟಿಗೆ ತಿರುಗುವುದು 6, 12, 18ನೇ ಅಧ್ಯಾಯಗಳಲ್ಲಿ ಮಾತ್ರ. ನಂಬಿಕೆಯ ಮನೆಯಲ್ಲಿ ಬರೆಯಬೇಕಾದ್ದು ಅವಳು ಏನು ಬೇಡಿದಳು ಅಂತ ಅಲ್ಲ, ಅವಳಿಗೆ ಏನು ಖರ್ಚಾಯಿತು ಅಂತ. ಆ ಪ್ರಶ್ನೆ ಕೇಳಿದ ದಿನ 13 ಪ್ರಾರ್ಥನೆಗಳು ಒಂದೇ ಏಟಿಗೆ ಹೋದವು, ಅವುಗಳಿಂದ ಯಾರಿಗೂ ಏನೂ ಖರ್ಚಾಗಿರಲಿಲ್ಲ.

ಇನ್ನೊಂದು ನಿಯಮ: ಬೇಡಿದ್ದು ಅದೇ ಅಧ್ಯಾಯದಲ್ಲಿ ಸಿಗಬಾರದು. ಮತ್ತೆ, ಕಡೇಪಕ್ಷ ಒಂದು ಬೇಡಿಕೆ ಸಿಗಲೇಬಾರದು. ವಾಚರನಿಗಾಗಿ ಸಲೋಮಿ ಮಾಡುವ ಪ್ರಾರ್ಥನೆ ಎರಡನೇ ಅಧ್ಯಾಯದಲ್ಲಿದೆ. ಅವನು ಮೂರನೆಯದರಲ್ಲಿ ಸಾಯುತ್ತಾನೆ. ಅದರ ಬಗ್ಗೆ ಯಾವ ಪಾತ್ರವೂ ಸಮಾಧಾನದ ಮಾತು ಹೇಳುವುದಿಲ್ಲ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರ ಕೂಡ ಇಲ್ಲ. ಸತ್ಯವೇದವೇ ಅದನ್ನು ಹಾಗೇ ಬಿಟ್ಟಿರುವಾಗ ಕಾದಂಬರಿಕಾರರು ಅವಸರಪಟ್ಟು ದೀಪ ಹಚ್ಚುವುದು ಯಾಕೆ?

ಈಗ ಭಾಷೆ. ಪ್ರಾಟೆಸ್ಟಂಟ್ ಹುಡುಗಿ, ಕಥೋಲಿಕ ಹುಡುಗ ಅಂದರೆ ಕನ್ನಡದಲ್ಲಿ ಎರಡು ಪದಕೋಶ. ಅವಳದು ಸತ್ಯವೇದ, ಯೆಹೋವ, ಕರ್ತ, ಸಭೆ, ಆರಾಧನೆ, ಪಾಸ್ಟರ್ ಅಯ್ಯನವರು. ಅವನದು ಬೈಬಲ್, ಸರ್ವೇಶ್ವರ, ಪ್ರಭು, ಬಲಿಪೂಜೆ, ಪರಮಪ್ರಸಾದ, ಪಾಪನಿವೇದನೆ, ಜಪಸರ. ಅವಳ ಪುಸ್ತಕದಲ್ಲಿ 66 ಗ್ರಂಥ, ಅವನದರಲ್ಲಿ 73. ಇಬ್ಬರ ಬಾಯಲ್ಲೂ ಒಂದೇ ಮಾತು ಹಾಕಿದರೆ ಕ್ರೈಸ್ತರಲ್ಲದ ಓದುಗರಿಗೆ ಗೊತ್ತಾಗದಿರಬಹುದು. ಕ್ರೈಸ್ತ ಓದುಗರು ಎರಡನೇ ಪುಟಕ್ಕೇ ಪುಸ್ತಕ ಮಡಚುತ್ತಾರೆ. ಒಳ್ಳೆಯದೂ ಒಂದಾಯಿತು, ಜಗಳಕ್ಕೆ ಸರಕು ಸಿಕ್ಕಿತು. ಗುಡಿಸಲಿನಲ್ಲಿ ಅವನು ಜಪಸರ ತೆಗೆದಾಗ ಅವಳು ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಮುಂದಿನ ಹತ್ತು ಅಧ್ಯಾಯ ಪ್ರೀತಿಗೆ ಇದ್ದ ಅಡ್ಡಿ ಅದೇ.

ಪ್ರಾರ್ಥನೆಯ ಕನ್ನಡವೂ ಎರಡು ಬಗೆ. ಮನೆಯಲ್ಲಿ ಗದಗಿನ ಮಾತಾಡುವವರು ಪ್ರಾರ್ಥನೆಗೆ ನಿಂತ ಕೂಡಲೆ ‘ಆತನು ಕೃಪೆಯುಳ್ಳವನಾಗಿದ್ದಾನೆ’ ಅನ್ನುವ ಗ್ರಾಂಥಿಕಕ್ಕೆ ಏರುತ್ತಾರೆ. ಅದು ನಾಟಕವಲ್ಲ, ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಭಾಷೆ. ಆದರೆ ಪ್ರಾಣಭಯದಲ್ಲಿ ಆ ಭಾಷೆ ಬಾಯಿಗೆ ಬರುವುದಿಲ್ಲ. ಆದ್ದರಿಂದ ಸಲೋಮಿಯ ಪ್ರಾರ್ಥನೆಗಳಲ್ಲಿ ಸಮಾಧಾನದವು ಗ್ರಾಂಥಿಕದಲ್ಲಿ, ದಿಗಿಲಿನವು ಮನೆಮಾತಿನಲ್ಲಿ. ಉಳಿದ 9ರಲ್ಲಿ 7 ಮನೆಮಾತಿನವು.

ಪ್ರೀತಿಗೆ ಬಂದರೆ, ಕನ್ನಡದಲ್ಲಿ ಬರೆಯುವವರ ಕೈಯಲ್ಲಿರುವ ದೊಡ್ಡ ಹತ್ಯಾರು ಏಕವಚನ. ಮುತ್ತಿಲ್ಲ, ಅಪ್ಪುಗೆಯಿಲ್ಲ ಅಂದಮೇಲೆ ‘ನೀವು’ ಯಾವಾಗ ‘ನೀ’ ಆಗುತ್ತದೆ ಅನ್ನುವುದೇ ಕಥೆ. ದೇವರಿಗೆ ಮೊದಲ ಪುಟದಿಂದಲೂ ಏಕವಚನ, ಎದುರಿಗಿರುವ ಗಂಡಸಿಗೆ ಬಹುವಚನ. ಸಲೋಮಿ ಇವೆರಡರ ನಡುವೆಯೇ ಓಡಾಡುತ್ತಿರುತ್ತಾಳೆ. ಮೊದಲ ಕರಡಿನಲ್ಲಿ ‘ನೀ’ ಐದನೇ ಅಧ್ಯಾಯದಲ್ಲೇ ಜಾರಿಬಿದ್ದಿತ್ತು, ಅಲ್ಲಿಂದ ಮುಂದೆ ಪ್ರೀತಿಯಲ್ಲಿ ಕಾಯುವಂಥದ್ದು ಏನೂ ಉಳಿದಿರಲಿಲ್ಲ. ಕೊನೆಗೆ ಅದನ್ನು 19ಕ್ಕೆ ಒಯ್ದೆವು. ಅದಕ್ಕಾಗಿ ಹದಿಮೂರು ಅಧ್ಯಾಯಗಳ ಸಂಭಾಷಣೆಯನ್ನು ಸಾಲುಸಾಲಾಗಿ ತಿದ್ದಬೇಕಾಯಿತು. ‘ಬಾ’ ಎಲ್ಲ ‘ಬರ್ರಿ’ ಆಗಬೇಕು, ಅವಸರದಲ್ಲಿ ಕೈಹಿಡಿದು ಎಳೆಯುವಾಗಲೂ.

ಹಳ್ಳದ ದೃಶ್ಯ ನಾಲ್ಕು ಸಲ ಬರೆದದ್ದು. ಮೊದಲ ಸಲ ಸಲೋಮಿ 91ನೇ ಕೀರ್ತನೆ ಹೇಳಿಕೊಂಡು ತುಂಬಿದ ಹಳ್ಳಕ್ಕೆ ಇಳಿಯುತ್ತಾಳೆ, ದೂತರು ಹಿಡಿದೆತ್ತಿದ ಹಾಗೆ ದಾಟಿಬಿಡುತ್ತಾಳೆ. ಎರಡು ಕಡೆಯಿಂದ ತಪ್ಪು. ಮೊದಲನೆಯದು ನೀರಿನದು. ಮೊಣಕಾಲು ಮುಚ್ಚುವ ರಭಸದ ನೀರಿಗೆ ದೊಡ್ಡವರನ್ನೂ ಕೆಡವುವ ಬಲ ಇರುತ್ತದೆ. ಅಡಿಯ ಕಲ್ಲು ಕಾಣದ ಕೆಂಪುನೀರಾದರೆ ಇಳಿಯುವ ಮಾತೇ ಇಲ್ಲ. ಘಟ್ಟದ ಹಳ್ಳ ಅರ್ಧ ತಾಸಿನಲ್ಲಿ ಏರುತ್ತದೆ, ಮೇಲೆ ಮಳೆ ಹೊಳವಾದರೆ ಕೆಲವು ತಾಸಿನಲ್ಲಿ ಇಳಿದೂಬಿಡುತ್ತದೆ. ತಿಳಿದವರು ಅಲ್ಲಿ ಮಾಡುವ ಕೆಲಸ ಒಂದೇ, ಕೂರುವುದು. ಎರಡನೆಯ ತಪ್ಪು ದೊಡ್ಡದು, ಅದು ದೇವರ ವಿಷಯದ್ದು. ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದು ನೋಡಿ. ದೇವಾಲಯದ ತುದಿಗೆ ಯೇಸುವನ್ನು ನಿಲ್ಲಿಸಿ, ಕೆಳಗೆ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಅಂತ ಇದೇ 91ನೇ ಕೀರ್ತನೆಯ ಮಾತು ಎತ್ತಿ ಹೇಳುವವನು ಸೈತಾನ. ದೇವರನ್ನು ಪರೀಕ್ಷಿಸಬಾರದು ಅನ್ನುವುದು ಅದಕ್ಕೆ ಸಿಕ್ಕ ಉತ್ತರ. ನಾವು ನಾಯಕಿಯ ಬಾಯಿಗೆ ಹಾಕಿದ್ದು ಸೈತಾನನ ಮಾತನ್ನು! ಸಾಹಸದ ಕಥೆಗಳಲ್ಲಿ ನಂಬಿಕೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹುಂಬತನಕ್ಕೆ ವಿಶ್ವಾಸ ಅಂತ ಹೆಸರು ಕೊಟ್ಟುಬಿಡುತ್ತೇವೆ.

ಮಾತನ್ನು ಹೊಳೆ ದಾಟಿಸಿ ಆಚೆ ದಡಕ್ಕೆ ಕೊಟ್ಟೆವು. ಅಲ್ಲಿ ನಿಂತಿರುವವನು ವಾಚರನನ್ನು ಕೊಂದ ಪರಶ್ಯಾ. ಅವನು ಕೂಗುತ್ತಾನೆ:

“ದಾಟು ಅಕ್ಕಾ! ನಿನ್ನ ದೇವ್ರು ಎತ್ತಿ ಹಿಡೀತಾನಂತಲ್ಲ, ಕಾಲಿಗೆ ಕಲ್ಲ ಸೈತ ತಾಗಗೊಡಂಗಿಲ್ಲಂತಲ್ಲ!”

ಈಚೆ ದಡದಲ್ಲಿ ಯಲ್ಲಪ್ಪ ಬುತ್ತಿ ಬಿಚ್ಚುತ್ತಾನೆ. “ಕುಂದ್ರ ತಂಗೆವ್ವ. ಮೊದಲ ರೊಟ್ಟಿ ತಿನ್ನು. ಹಳ್ಳ ತಾನ ಇಳೀತೈತಿ.”

ಸಲೋಮಿ ಜೋಳದ ರೊಟ್ಟಿ, ಶೇಂಗಾಹಿಂಡಿ ತಿಂದು, ಗೋಣಿತಾಟು ಹೊದ್ದು ಮಲಗಿಬಿಡುತ್ತಾಳೆ. ಕೊಲೆಗಾರ ಎದುರು ದಡದಲ್ಲಿರುವಾಗ ನಾಯಕಿ ಮಲಗುವುದೇ ಅಂತ ಒಬ್ಬರು ಕೇಳಿದರು. ಸತ್ಯವೇದದ ಪ್ರವಾದಿ ಎಲೀಯನೂ ಹಾಗೇ. ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ, ಗಿಡದ ಕೆಳಗೆ ಕೂತು ಸಾವು ಬೇಡಿದವನಿಗೆ ಮೊದಲು ಸಿಕ್ಕಿದ್ದು ಉಪದೇಶವಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು, ನಿದ್ದೆ, ಎದ್ದಮೇಲೆ ಮತ್ತೆ ರೊಟ್ಟಿ. ದೇವರ ದನಿ ಕೇಳಿಸಿದ್ದು ನಲವತ್ತು ದಿನ ನಡೆದ ಮೇಲೆ. ಈ ಹೋಲಿಕೆಯನ್ನು ಪುಸ್ತಕದಲ್ಲಿ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಗೊತ್ತಿರುವವರಿಗೆ ರೊಟ್ಟಿ ಸಾಕು. ಯಲ್ಲಪ್ಪ ಸವದತ್ತಿ ಎಲ್ಲಮ್ಮನ ಒಕ್ಕಲು, ಕೊನೆಯವರೆಗೂ ಅವಳ ಒಕ್ಕಲೇ. ಈ ಜಾತಿಯ ಕಾದಂಬರಿಗಳಲ್ಲಿ ನಂಬದವರನ್ನು ಕೊನೆಯ ಅಧ್ಯಾಯದೊಳಗೆ ನಂಬಿಸಿಬಿಡುವ ರೂಢಿ ಬಹಳ. ಹಾಗೆ ಮಾಡಿದ್ದರೆ ಅವನು ಕೊಟ್ಟ ರೊಟ್ಟಿ ಅವನದಾಗಿ ಉಳಿಯುತ್ತಿರಲಿಲ್ಲ, ನಮ್ಮ ಲೆಕ್ಕಕ್ಕೆ ಜಮೆಯಾಗುತ್ತಿತ್ತು.

ಹಾವಿನದು ಇದಕ್ಕಿಂತ ಉದ್ದದ ಕೆಲಸ. ಮೊದಲು ಬರೆದದ್ದು ಹಸಿರು ಬಣ್ಣದ ಮಲಬಾರ್ ಗುಳಿಮಂಡಲ, ನೋಡಲು ಚಂದ ಅಂತ. ಕಚ್ಚಿತು, ಇಂಜೆಕ್ಷನ್ ಕೊಟ್ಟರು, ಅರ್ಧ ತಾಸಿಗೆ ಎದ್ದು ಕೂತ. ಭಾರತದಲ್ಲಿ ಸಿಗುವ ಹಾವಿನ ವಿಷದ ಔಷಧ ತಯಾರಾಗುವುದು ನಾಲ್ಕು ಹಾವಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಗುಳಿಮಂಡಲ ಅದರಲ್ಲಿಲ್ಲ. ಹಾಗಾಗಿ ಕೊಳಕುಮಂಡಲವೇ ಬೇಕಾಯಿತು. ಅದು ಕಚ್ಚಿದವನು ಸಿನಿಮಾದಲ್ಲಿ ಐದು ನಿಮಿಷಕ್ಕೆ ನೊರೆ ಕಾರಿ ಸಾಯುತ್ತಾನೆ. ನಿಜದಲ್ಲಿ ಕಾಲು ಬಾತುಕೊಳ್ಳುತ್ತದೆ, ನೋವು ತಡೆಯಲಾಗುವುದಿಲ್ಲ, ಒಳಗೊಳಗೇ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತ ಹೋಗುತ್ತದೆ, ವಸಡಿನಲ್ಲಿ ರಕ್ತ ಕಾಣುತ್ತದೆ. ತಾಸುಗಟ್ಟಲೆ ನಡೆಯುವ ಸಂಗತಿ, ರೋಚಕ ಬರೆಯುವವರಿಗೆ ಇದಕ್ಕಿಂತ ಏನು ಬೇಕು? ಕೊಯ್ಯಬಾರದು, ಹೀರಬಾರದು, ಹಗ್ಗ ಬಿಗಿಯಬಾರದು. ಕಚ್ಚಿಸಿಕೊಂಡ ಕಾಲಿಗೆ ಕೋಲು ಕಟ್ಟಿ ಅಲುಗದಂತೆ ಮಾಡಬೇಕು, ಕಾಲುಂಗುರ, ಬೂಟು ತೆಗೆಯಬೇಕು, ನಡೆಸಬಾರದು.

ಯಾರಿಗೆ ಕಚ್ಚಬೇಕು? ಮೊದಲ ಎರಡು ಕರಡಿನಲ್ಲಿ ಅಂತೋಣಿಗೆ. ಸಲೋಮಿ ಅತ್ತಳು, ಬೇಡಿದಳು, ಬದುಕಿದ. ಪ್ರೀತಿಸುವವನಿಗಾಗಿ ಯಾರಾದರೂ ಬೇಡುತ್ತಾರೆ. ಮೂರನೇ ಕರಡಿನಲ್ಲಿ ಹಾವು ಪರಶ್ಯಾನನ್ನು ಕಚ್ಚಿತು, ಕಥೆ ತಾನಾಗಿ ನಡೆಯತೊಡಗಿತು. ಶತ್ರುವನ್ನು ಪ್ರೀತಿಸು ಅನ್ನುವ ಮಾತು ಭಾನುವಾರ ಕೇಳಲು ಚಂದ. ರಾತ್ರಿ 8.10ಕ್ಕೆ, ಮಳೆಯಲ್ಲಿ, ವಾಚರನನ್ನು ಕೊಂದವನು ಕಾಲು ಹಿಡಿದುಕೊಂಡು ಹಳಿಯ ಪಕ್ಕ ಬಿದ್ದಿರುವಾಗ?

ಅವನನ್ನು ಹೊತ್ತು ಒಯ್ಯುವುದಾಗದು. 60 ಕಿಲೋ ಆಳನ್ನು ಒಬ್ಬನೇ ಹೆಗಲ ಮೇಲೆ ಹಾಕಿಕೊಂಡು ಜಲ್ಲಿಕಲ್ಲಿನ ಮೇಲೆ ನಾಲ್ಕು ಕಿಲೋಮೀಟರು ನಡೆಯುವ ನಾಯಕರು ಪುಸ್ತಕದಲ್ಲಷ್ಟೇ ಇರುತ್ತಾರೆ. ಡೋಲಿ ಕಟ್ಟಿದರೂ ಸರದಿ ಬದಲಿಸಲು ಆರು ಜನ ಬೇಕು, ಇರುವವರು ಮೂವರು. ಉಳಿದದ್ದು ಒಂದೇ ದಾರಿ. ಗಾಡಿಯನ್ನು ಮೇಲೆ ಮುಟ್ಟಿಸಿ ಕುಳೆಗೆ ಖಾಲಿ ಇಳಿಯುವ ಬ್ಯಾಂಕರ್ ಎಂಜಿನ್ನನ್ನು ನಿಲ್ಲಿಸುವುದು.

ಪೆಟ್ರೋಲ್‌ಮನ್ ಹತ್ತಿರ ಮೂರು ಬಣ್ಣದ ಕೈದೀಪ ಇರುತ್ತದೆ, ಸೀಟಿ ಇರುತ್ತದೆ, ತಗಡಿನ ಡಬ್ಬಿಯಲ್ಲಿ ಪಟಾಕಿ ಇರುತ್ತದೆ. ಪಟಾಕಿ ಅಂದರೆ ಹಳಿಯ ಮೇಲೆ ಕಟ್ಟುವ ಡಿಟೊನೇಟರು. ಗಾಲಿ ಹತ್ತಿದರೆ ಢಂ ಅನ್ನುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. ಹಳಿಗೆ ಅಡ್ಡಿ ಇದ್ದರೆ ಬ್ರಾಡ್‌ಗೇಜಿನಲ್ಲಿ 600 ಮೀಟರಿಗೆ ಒಂದು, 1,200 ಮೀಟರಿಗೆ ಮೂರು, ಆ ಮೂರರ ನಡುವೆ ಹತ್ತತ್ತು ಮೀಟರು. ಇದು ನಿಯಮ. ಎಂಜಿನ್ನು ಮೇಲಿನಿಂದ ಬರುವುದರಿಂದ ಅಂತೋಣಿ ಏರಿಗೆ ನಡೆಯಬೇಕು. 37ಕ್ಕೆ 1ರಂತೆ 1,200 ಮೀಟರು ಅಂದರೆ 32 ಮೀಟರು ಎತ್ತರ, ಹತ್ತು ಮಹಡಿಯಷ್ಟು, ಒದ್ದೆ ಸ್ಲೀಪರುಗಳ ಮೇಲೆ, ಕತ್ತಲಲ್ಲಿ. 25 ನಿಮಿಷ. ಈ ದೃಶ್ಯ ಮೊದಲ ಸಲ ಬರೆದಾಗ ಎಂಟು ನಿಮಿಷಕ್ಕೆ ಓಡಿಸಿಬಿಟ್ಟಿದ್ದೆವು. ಆ 25 ನಿಮಿಷದಲ್ಲಿ ಅವನಿಗೆ ತಲೆಯಲ್ಲಿ ಓಡುವುದು ದೇವರಲ್ಲ, ಕೆಲಸ. ನಿಯಮ ಹೇಳುವುದು ಹಳಿಗೆ ಅಡ್ಡಿ ಇದ್ದರೆ ಅಂತ. ಹಳಿ ಸರಿಯಾಗಿಯೇ ಇದೆ. ನಾಳೆ ಮೆಮೊ ಬರುತ್ತದೆ, ಯಾಕೆ ನಿಲ್ಲಿಸಿದೆ ಅಂದರೆ ಒಬ್ಬ ಕೊಲೆಗಾರನಿಗಾಗಿ ಅನ್ನಬೇಕು. ಇಲ್ಲಿ ಒಂದೇ ಒಂದು ಪ್ರಾರ್ಥನೆ ಇತ್ತು, ಅದನ್ನೂ ತೆಗೆದೆವು. ಮೂರನೇ ಪಟಾಕಿಯ ತಗಡಿನ ಪಟ್ಟಿಯನ್ನು ಹಳಿಗೆ ಬಗ್ಗಿಸುವ ಬೆರಳು ಸಾಕಾಯಿತು.

ಮುಂದಿನದು ಆರೋಗ್ಯ ಕೇಂದ್ರ, ರಾತ್ರಿ 10.40. ಔಷಧ ಕೊಡಬೇಕೋ ಬೇಡವೋ ಅನ್ನುವುದಕ್ಕೆ ಇಪ್ಪತ್ತು ನಿಮಿಷದ ಪರೀಕ್ಷೆ ಇದೆ. ಖರ್ಚಿಲ್ಲದ್ದು, ಯಂತ್ರ ಬೇಡದ್ದು. ಹೊಸ, ಒಣ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ ಮುಟ್ಟದೆ ಇಡುವುದು. ಪ್ಲಾಸ್ಟಿಕ್ ಆಗದು, ಸೋಪುಪುಡಿಯಲ್ಲಿ ತೊಳೆದ ಗಾಜೂ ಆಗದು. ಎರಡರಲ್ಲೂ ಒಳ್ಳೆಯ ರಕ್ತವೇ ಹೆಪ್ಪುಗಟ್ಟದೆ ಮೋಸ ಮಾಡಬಹುದು. ಇಪ್ಪತ್ತು ನಿಮಿಷವಾದ ಮೇಲೆ ಒಂದೇ ಒಂದು ಸಲ ಓರೆ ಮಾಡಿ ನೋಡಬೇಕು. ಗಟ್ಟಿಯಾಗಿದ್ದರೆ ಸರಿ. ನೀರಿನ ಹಾಗೆ ಹರಿದರೆ ವಿಷ ಏರಿದೆ. ನಮ್ಮ ಮೊದಲ ಬರವಣಿಗೆಯಲ್ಲಿ ಸಲೋಮಿ ನಿಮಿಷಕ್ಕೊಮ್ಮೆ ಟ್ಯೂಬು ಎತ್ತಿ ಅಲ್ಲಾಡಿಸುತ್ತಿದ್ದಳು, ಆತಂಕ ತೋರಿಸಲು. ಲ್ಯಾಬಿನಲ್ಲಿ ಕೆಲಸ ಮಾಡುವವಳು ಹಾಗೆ ಮಾಡುವುದಿಲ್ಲ. ಮಾಡಬಾರದ್ದು ಅಂತ ಆದಮೇಲೆ ದೃಶ್ಯ ಗಟ್ಟಿಯಾಯಿತು: ಅವಳು ಕೈ ಕಟ್ಟಿ ಕೂರಬೇಕು, ಮುಟ್ಟುವ ಹಾಗಿಲ್ಲ, ನೋಡುವುದಷ್ಟೇ. ಸ್ಟ್ಯಾಂಡಿನಲ್ಲಿ ನಿಂತ ಟ್ಯೂಬು, ಗೋಡೆಯ ಗಡಿಯಾರ, ಸೀಲಿಂಗ್ ಫ್ಯಾನು. ಪುಸ್ತಕದ ಏಳನೇ ಪ್ರಾರ್ಥನೆ ಇಲ್ಲಿದೆ, ಇಷ್ಟೇ:

“ಅಪ್ಪಾ, ಇವ ಸಾಯಬಾರ್ದು. ಸತ್ರ ಚೊಲೊ ಅಂತ ಅನಸಾಕತ್ತೈತಿ ನನಗ. ಅದನ್ನರ ತಗಿ.”

ಇದು ಮೊದಲು ಒಂದೂವರೆ ಪುಟವಿತ್ತು, ಗ್ರಾಂಥಿಕದಲ್ಲಿ, ಕ್ಷಮೆಯ ಬಗ್ಗೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಹನ್ನೆರಡು ತಾಸು ಓಡಿ ಬಂದವಳ ಉಸಿರಿಗೆ ಅಷ್ಟುದ್ದದ ವಾಕ್ಯ ದಕ್ಕುವುದಿಲ್ಲ. ಟ್ಯೂಬು ಓರೆ ಮಾಡಿದಾಗ ರಕ್ತ ಹರಿಯುತ್ತದೆ. ಡಾಕ್ಟರು ಹತ್ತು ವಯಲ್ ಕರಗಿಸಿ ಸಲೈನಿನಲ್ಲಿ ಬಿಡುತ್ತಾರೆ, ಮೈಗೆ ಒಗ್ಗದಿದ್ದರೆ ಅಂತ ಅಡ್ರಿನಲಿನ್ ಸಿರಿಂಜು ತುಂಬಿ ಪಕ್ಕದಲ್ಲೇ ಇಡುತ್ತಾರೆ. ಆರು ತಾಸಿನ ನಂತರ ಮತ್ತೆ ಅದೇ ಪರೀಕ್ಷೆ. ಔಷಧ ಶುರುವಾದದ್ದು 11.15ಕ್ಕೆ, ಎರಡನೇ ಟ್ಯೂಬು ಬೆಳಗಿನ 5.15ಕ್ಕೆ. ಓರೆ ಮಾಡುವ 5.35ಕ್ಕೆ ಜುಲೈಯ ಮೋಡದಲ್ಲಿ ಇನ್ನೂ ಬೆಳಕಿಲ್ಲ. ರಾತ್ರಿ ಕಾಯುವವರು ಬೆಳಗನ್ನು ಎದುರುನೋಡುವ 130ನೇ ಕೀರ್ತನೆಯನ್ನು ಪೆಟ್ರೋಲ್‌ಮನ್ ಕಥೆಯಲ್ಲಿ ಎಲ್ಲಾದರೂ ತರಬೇಕು ಅಂತ ಮೊದಲ ದಿನದಿಂದ ಆಸೆಯಿತ್ತು. ತಂದರೆ ಇಲ್ಲೇ ತರಬೇಕು. ತಂದೂ ಇದ್ದೆವು. ಅಂತೋಣಿ ತನ್ನ ಬೀಟ್, ಅಂದರೆ ತನ್ನ ಪಾಲಿನ ಹಳಿಯ ಕಾವಲು, ಮುಗಿಸಿ, ಮಗ್ಗುಲ ಬೀಟಿನವನ ಜೊತೆ ಪೆಟ್ರೋಲ್ ಬುಕ್ಕು ಅದಲುಬದಲು ಮಾಡಿಕೊಂಡು, ತೊಯ್ದ ಮೈಯಲ್ಲಿ ಬಾಗಿಲಿಗೆ ಬಂದು ನಿಂತು ಆ ಮಾತು ಹೇಳುತ್ತಿದ್ದ. ಕೊನೆಯ ಕರಡಿನಲ್ಲಿ ಅವನು ಬರುತ್ತಾನೆ, ದೀಪ ಆರಿಸುತ್ತಾನೆ, ಕೂರುತ್ತಾನೆ. ಕೀರ್ತನೆ ಉಳಿದದ್ದು ಅಧ್ಯಾಯದ ಅಂಕಿಯ ಕೆಳಗೆ, ಬರೀ ಸಂಖ್ಯೆಯಾಗಿ.

ಎರಡನೇ ಟ್ಯೂಬು ಗಟ್ಟಿಯಾಗುತ್ತದೆಯೇ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಪುಸ್ತಕ ಓದುವವರಿಗೆ ಅಷ್ಟಾದರೂ ಉಳಿಯಲಿ. ಅಧ್ಯಾಯ 19 ಮುಗಿಯುವುದು ಅವಳು ಅದನ್ನು ಕೈಗೆತ್ತಿಕೊಳ್ಳುವಾಗ. ಅಂತೋಣಿಯ ಕಡೆ ನೋಡದೆ ಅವಳು ಅನ್ನುವ ಮಾತು, “ಫ್ಯಾನ್ ಬಂದ್ ಮಾಡು, ನಿನಗ ಥಂಡಿ ಆಗತೈತಿ.” ಏಕವಚನ ಬರುವುದು ಇಲ್ಲಿ. ಪ್ರೇಮನಿವೇದನೆ ಅಂತ ಪುಸ್ತಕದಲ್ಲಿ ಇರುವುದು ಇದೊಂದೇ.

ಓದಿ ಕೇಳಿಸಿದ್ದು ಮೂರು ಭಾನುವಾರ, ಆರಾಧನೆ ಮುಗಿದ ಮೇಲೆ, ಎಂಟೆಂಟು ಅಧ್ಯಾಯ. ಗಟ್ಟಿಯಾಗಿ ಓದಿದರೆ ಸುಳ್ಳು ಪ್ರಾರ್ಥನೆಗಳು ತಾವೇ ಗೊತ್ತಾಗುತ್ತವೆ. ಓದುವವರ ದನಿ ಪಾಸ್ಟರರ ದನಿಯಾಗುತ್ತದೆ, ಕೇಳುವವರು ಅಭ್ಯಾಸಬಲದಿಂದ ತಲೆ ತಗ್ಗಿಸುತ್ತಾರೆ. ತಲೆ ತಗ್ಗಿದ ಜಾಗಗಳಿಗೆಲ್ಲ ಅಂಚಿನಲ್ಲಿ ಗೀಟು ಹಾಕಿಕೊಂಡು ಬಂದು ಇನ್ನೂ ಐದು ಕಳೆದೆವು. ಏಳನೆಯದಕ್ಕೆ ಯಾರೂ ತಲೆ ತಗ್ಗಿಸಲಿಲ್ಲ, ಹಿಂದಿನ ಬೆಂಚಿನಲ್ಲಿ ಒಬ್ಬರು ಮಾತ್ರ “ಹೌದವ್ವಾ” ಅಂದರು.

ಕರಡು ತಿದ್ದಲು ಕೊಟ್ಟ ಪ್ರತಿ ವಾಪಸು ಬಂದಾಗ ಕಾಗುಣಿತ ಚೆನ್ನಾಗಿಯೇ ತಿದ್ದಿದ್ದರು. 19ನೇ ಅಧ್ಯಾಯದ ಕೊನೆಯ ಸಾಲಿಗೂ ಕೈ ಹಾಕಿದ್ದರು: ‘ಮಾಡು’ ಹೊಡೆದು ‘ಮಾಡಿರಿ’, ‘ನಿನಗ’ ಹೊಡೆದು ‘ನಿಮಗೆ’. ಅಂಚಿನಲ್ಲಿ ನೀಟಾದ ಅಕ್ಷರದಲ್ಲಿ ಒಂದು ಟಿಪ್ಪಣಿ, ‘ಹಿಂದಿನ ಎಲ್ಲ ಕಡೆ ಬಹುವಚನ ಇದೆ, ಇಲ್ಲಿ ತಪ್ಪಿದೆ’. ಅದರ ಪಕ್ಕದಲ್ಲಿ ‘ಇರಲಿ’ ಅಂತ ಬರೆದು ಮತ್ತೆ ಕಳಿಸಿದೆವು.